ಬಟ್ಟೆ ಮಾಸ್ಕ್ ಹೊಲಿದು ಕೊಡಲ್ಲ ಅಂದ ವಾರ

2023ರ ಮಾರ್ಚ್ ಮೊದಲ ವಾರ, ಹೋಳಿ ಹುಣ್ಣಿಮೆಯ ಆಸುಪಾಸು. ಗುಡ್ಡದ ಕಾಡಿಗೆ ಬೆಂಕಿ ಬಿದ್ದು ಊರ ತುಂಬ ಹೊಗೆ. ಗೋವಾದ ವಾಳಪೈ ಪೇಟೆಯಲ್ಲಿರುವ ನನ್ನ ಹೊಲಿಗೆ ಅಂಗಡಿಗೆ ವಿಜಯಪುರ ಕಡೆಯ ಒಬ್ಬ ಹೆಂಗಸು ಬಂದಳು. ಗಂಡ ಗೌಂಡಿ ಕೆಲಸಕ್ಕೆ ಹೋಗುತ್ತಾನೆ, ನನಗೆ ಮೊದಲಿಂದ ಪರಿಚಯ. ಸೆರಗು ಮೂಗಿಗೆ ಒತ್ತಿ ಹಿಡಿದಿದ್ದಳು. ಕಣ್ಣು ಕೆಂಪಾಗಿದ್ದವು.

"ಅಕ್ಕಾರ, ಕೊರೊನಾದಾಗ ಹೊಲದಿದ್ರೆಲ್ಲ, ಅಂಥಾ ಮಾಸ್ಕ್ ಒಂದ ಹತ್ತ ಹೊಲದ ಕೊಡ್ರಿ. ಹುಡುಗೂರು ರಾತ್ರಿಯೆಲ್ಲಾ ಕೆಮ್ಮಾಕತ್ಯಾವು."

ನಾನು ಬಟ್ಟೆ ತುಂಡಿನ ಚೀಲಕ್ಕೆ ಕೈ ಹಾಕಿದ್ದೆ. ಮಾಸ್ಕಿನ ಅಳತೆ ಕೈಗೆ ಬಾಯಿಪಾಠ. ಕೊರೊನಾ ವರ್ಷಗಳಲ್ಲಿ ಎಷ್ಟು ಹೊಲಿದೆನೋ ಲೆಕ್ಕ ಇಟ್ಟಿಲ್ಲ, ಅಂಗಡಿಯ ಬಾಡಿಗೆ ಕಟ್ಟಿದ್ದೇ ಅದರಿಂದ. ಆದರೆ ಆವತ್ತು ಚೀಲದಿಂದ ಕೈ ಹಿಂದೆ ತಗೊಂಡೆ. "ಇದು ಹೊಗೆಗೆ ಆಗೂದಿಲ್ಲವ್ವಾ, ಸುಮ್ನ ರೊಕ್ಕ ದಂಡ" ಅಂದೆ. ಆ ಮಾತು ನನ್ನ ಬಾಯಿಂದ ಬಂದಿದ್ದು ಅದರ ಹಿಂದಿನ ಎರಡು ರಾತ್ರಿ ನಮ್ಮ ಮನೆಯಲ್ಲಿ ನಡೆದದ್ದರಿಂದ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಈಗ ಮತ್ತೆ ಬೇಸಿಗೆ ಬರುತ್ತಿದೆ, ಗೇರು ಹೂ ಬಿಟ್ಟಿದೆ, ಕಾಡಿನ ನೆಲದ ತುಂಬ ತರಗೆಲೆ. ಯಾರಿಗಾದರೂ ಉಪಯೋಗ ಆಗಲಿ.

ನನ್ನ ತವರು ನವಲಗುಂದ ತಾಲೂಕು. ಆ ಕಡೆಯವರಿಗೆ ಮಹದಾಯಿ ಅಂದರೆ ನೀರು. ಚಿಕ್ಕಂದಿನಿಂದ ಕೇಳಿದ್ದು, ಕಳಸಾ ಬಂಡೂರಿ, ಹೋರಾಟ, ಕೋರ್ಟು, ಟ್ರಿಬ್ಯೂನಲ್. ಖಾನಾಪುರ ತಾಲೂಕಿನ ಕಾಡಲ್ಲಿ ಹುಟ್ಟುವ ಹೊಳೆ, ಗೋವಾಕ್ಕೆ ಇಳಿದು ಮಾಂಡೋವಿ ಆಗಿ ಪಣಜಿ ಹತ್ತಿರ ಸಮುದ್ರ ಸೇರುತ್ತದೆ. ಮದುವೆಯಾಗಿ ಸತ್ತರಿ ತಾಲೂಕಿಗೆ ಬಂದ ಮೇಲೆ ಆ ಹೊಳೆಯನ್ನು ಕಣ್ಣಾರೆ ಕಂಡೆ. ಅದರ ಹೆಸರಿನದೇ ಒಂದು ಅಭಯಾರಣ್ಯ ಇಲ್ಲಿದೆ, ಮ್ಹಾದೇಯಿ ಅಭಯಾರಣ್ಯ. 1999ರಲ್ಲಿ ಘೋಷಣೆ ಆಗಿದ್ದು, ಸುಮಾರು 208 ಚದರ ಕಿಲೋಮೀಟರ್. ನೀರಿನ ಹೆಸರಿನ ಆ ಕಾಡೇ ಆ ಮಾರ್ಚಿನಲ್ಲಿ ಉರಿಯಿತು. ಸಾತ್ರೆ ಕಡೆಯ ಗುಡ್ಡದಲ್ಲಿ ಬೆಂಕಿ ಬಿದ್ದಿದೆ ಅಂತ ಮೊದಲು ಸುದ್ದಿ ಬಂತು. ಆಮೇಲೆ ಅಲ್ಲಿ, ಇಲ್ಲಿ, ಮತ್ತೊಂದು ಗುಡ್ಡ. ಅರಣ್ಯ ಇಲಾಖೆಯವರು, ಊರಿನವರು ಹಸಿ ಟೊಂಗೆ ಹಿಡಿದು ಬಡಿದು ಆರಿಸಲು ನೋಡಿದರು. ಗಾಡಿ ಹೋಗದ ಕಡಿದಾದ ಜಾಗಗಳು. ಕೊನೆಗೆ ನೌಕಾಪಡೆ, ವಾಯುಪಡೆಯ ಹೆಲಿಕಾಪ್ಟರ್‌ಗಳು ದೊಡ್ಡ ಬಕೆಟ್ ತೂಗುಹಾಕಿಕೊಂಡು ನೀರು ಸುರಿದವು. ಮಗ ಅಂಗಳದಲ್ಲಿ ನಿಂತು ಅದನ್ನು ನೋಡುತ್ತಿದ್ದ. "ಒಳಗೆ ಬಾ" ಅಂತ ನಾನು ಎಷ್ಟು ಸಲ ಕೂಗಿದೆನೋ.

ಮಳೆಗಾಲದಲ್ಲಿ ಬಟ್ಟೆ ಒಣಗದ ಈ ಊರಿನಲ್ಲಿ ಕಾಡು ಹೇಗೆ ಉರಿಯುತ್ತದೆ ಅಂತ ಕೇಳುವವರಿದ್ದಾರೆ. ಮಳೆ ನಿಂತ ಮೇಲೆ ನಾಲ್ಕೈದು ತಿಂಗಳು ಒಂದು ಹನಿ ಬೀಳುವುದಿಲ್ಲ. ಮಾರ್ಚ್ ಹೊತ್ತಿಗೆ ಹುಲ್ಲು, ಎಲೆ ಎಲ್ಲ ಹಪ್ಪಳದಂತೆ ಆಗಿರುತ್ತದೆ. ನಮ್ಮ ಘಟ್ಟದ ಕಾಡಿಗೆ ಬೆಂಕಿ ತಾನಾಗಿಯೇ ಬೀಳುವುದು ಅಪರೂಪ, ಹೆಚ್ಚಿನದು ಮನುಷ್ಯರ ಕೈಯಿಂದಲೇ. ಗೇರು ಹಣ್ಣು ಉದುರುವ ಮೊದಲು ಮರದ ಬುಡ ಸ್ವಚ್ಛ ಇರಲಿ ಅಂತ ಹಚ್ಚಿದ್ದು, ಹೊಸ ಹುಲ್ಲು ಬರಲಿ ಅಂತ ಹಚ್ಚಿದ್ದು, ಬೀಡಿ ತುಂಡು. 2023ರಲ್ಲಿ ಯಾರು ಹಚ್ಚಿದರು ಅಂತ ನಾನು ಹೇಳಲಾರೆ. ಊರಲ್ಲಿ ಮಾತ್ರ ಎಲ್ಲರೂ ಎಲ್ಲರ ಮೇಲೂ ಬೆರಳು ತೋರಿಸಿದರು.

ನಮಗೆ ಮೊದಲು ಗೊತ್ತಾಗಿದ್ದು ಬೂದಿಯಿಂದ. ಬೆಳಿಗ್ಗೆ ಅಂಗಡಿ ಶಟರ್ ಎತ್ತಿದೆ. ಹಿಂದಿನ ಸಂಜೆ ಒಂದು ಬಿಳಿ ಟೂ ಬೈ ಟೂ ಬ್ಲೌಸ್ ಪೀಸ್ ಕತ್ತರಿಸಿ ಟೇಬಲ್ ಮೇಲೆ ಬಿಟ್ಟಿದ್ದೆ. ಅದರ ಮೇಲೆ ಕರಿ ಎಳ್ಳು ಚೆಲ್ಲಿದಂತೆ ಚುಕ್ಕೆ. ಬೆರಳಿನಿಂದ ಒರೆಸಲು ಹೋದೆ, ಚುಕ್ಕೆ ಗೆರೆ ಆಯಿತು. ಸುಟ್ಟ ಹುಲ್ಲಿನ ಚೂರುಗಳು ಅವು. ಶಟರಿನ ಕೆಳಗಿನ ಸಂದಿನಿಂದ ಬಂದಿದ್ದವು. ಆ ಪೀಸ್ ಹಾಳಾಯಿತು, ಗಿರಾಕಿಗೆ ಬೇರೆ ತಂದುಕೊಟ್ಟೆ. ಆವತ್ತು ನನ್ನ ಚಿಂತೆ ಬಟ್ಟೆಯದೇ. ಕಣ್ಣಿಗೆ ಕಾಣುವ ಬೂದಿ ಮೂಗಿನಲ್ಲೋ ಗಂಟಲಲ್ಲೋ ನಿಂತುಬಿಡುತ್ತದೆ, ತೊಂದರೆ ಕೊಡುವುದು ಕಾಣದೆ ಇರುವುದು ಅಂತ ಆಗ ಗೊತ್ತಿರಲಿಲ್ಲ. ಬೆಂಕಿ ಎಷ್ಟೋ ದೂರದ ಗುಡ್ಡದಲ್ಲಿದೆ, ನಮಗೇನು ಅಂದುಕೊಂಡಿದ್ದೆವು.

ನಮ್ಮ ಅತ್ತೆಗೆ ದಮ್ಮು ಇದೆ. ಇಪ್ಪತ್ತು ವರ್ಷದ್ದು. ಡಾಕ್ಟರು ಎರಡು ಪಂಪ್ ಕೊಟ್ಟಿದ್ದರು. ಒಂದು ದಿನಾ ಎರಡು ಹೊತ್ತು ಎಳೆದುಕೊಳ್ಳುವುದು, ಇನ್ನೊಂದು ನೀಲಿ ಬಣ್ಣದ್ದು, ಉಸಿರು ಹಿಡಿದಾಗ ಮಾತ್ರ. ಡಿಸೆಂಬರಿನಿಂದ ಆರಾಮಾಗಿದ್ದರು. "ಆರಾಮ ಅದೀನಿ, ಯಾಕ ಸುಮ್ನ ಎಳಕೊಳ್ಳೂದು" ಅಂತ ದಿನದ ಪಂಪ್ ಬಿಟ್ಟಿದ್ದರು. ನಾನೂ ಕೇಳಿರಲಿಲ್ಲ. ನೀಲಿ ಪಂಪ್ ದೇವರ ಜಗಲಿಯ ಪಕ್ಕ ಇತ್ತು. ಅದರಲ್ಲಿ ಔಷಧ ಎಷ್ಟಿದೆ ಅಂತ ಯಾರೂ ನೋಡಿರಲಿಲ್ಲ.

ರಾತ್ರಿ ಎರಡು ಗಂಟೆ ಇರಬೇಕು. ಎಬ್ಬಿಸಿದ್ದು ಕೆಮ್ಮಲ್ಲ, ಸೀಟಿ ಹೊಡೆದಂತಹ ಉಸಿರಿನ ಸದ್ದು. ಎದ್ದು ನೋಡಿದರೆ ಅತ್ತೆ ಹಾಸಿಗೆಯ ಅಂಚಿಗೆ ಕೂತು ಎರಡೂ ಕೈ ಮೊಣಕಾಲ ಮೇಲೆ ಊರಿಕೊಂಡಿದ್ದರು. "ಯವ್ವಾ... ಉಸಿರ..." ಅಂದರು. ಮುಂದಿನ ಮಾತು ಬರಲಿಲ್ಲ. ಕುತ್ತಿಗೆಯ ಕೆಳಗಿನ ಗುಳಿ ಪ್ರತಿ ಉಸಿರಿಗೂ ಒಳಗೆ ಎಳೆಯುತ್ತಿತ್ತು. ನೀಲಿ ಪಂಪ್ ಒತ್ತಿದೆವು. ಬರೀ ಗಾಳಿ ಬಂತು, ಔಷಧ ಮುಗಿದಿತ್ತು.

ಯಜಮಾನರು ಪಕ್ಕದ ಮನೆಯವರ ಕಾರ್ ಕೇಳಿ ತಂದರು. ಆಸ್ಪತ್ರೆಯಲ್ಲಿ ನೆಬ್ಯುಲೈಸರ್ ಹಚ್ಚಿದರು, ಅರ್ಧ ತಾಸಿನಲ್ಲಿ ಸೀಟಿ ಕಡಿಮೆಯಾಯಿತು. ನಾನು ಬಾಗಿಲ ಹತ್ತಿರ ನಿಂತು ಅತ್ತೆಯ ಉಗುರು ನೋಡುತ್ತಿದ್ದೆ. ನೀಲಿಗೆ ತಿರುಗಿದ್ದು ಮತ್ತೆ ಗುಲಾಬಿ ಆಗುವವರೆಗೂ ಅಲ್ಲಿಂದ ಕದಲಲಿಲ್ಲ. ಅಲ್ಲಿನ ಡಾಕ್ಟರು ಹೇಳಿದ್ದನ್ನು ನಾನು ಮನೆಯ ಕ್ಯಾಲೆಂಡರ್ ಹಿಂದೆ ಬರೆದಿಟ್ಟಿದ್ದೇನೆ. ಒಂದು ಮಾತು ಪೂರ್ತಿ ಆಡಲು ಉಸಿರು ಸಾಲದಿದ್ದರೆ, ತುಟಿ ಉಗುರು ನೀಲಿಯಾದರೆ, ಪಕ್ಕೆಲುಬಿನ ನಡುವೆ ಚರ್ಮ ಒಳಗೆ ಎಳೆದರೆ, ನೀಲಿ ಪಂಪಿಗೂ ಇಳಿಯದಿದ್ದರೆ ಮನೆಯಲ್ಲಿ ಕಾಯುತ್ತ ಕೂರಬಾರದು, 108ಕ್ಕೆ ಫೋನ್ ಮಾಡಬೇಕು. ದಿನದ ಪಂಪ್ ಇರುವುದು ಉಸಿರು ನಾಳದ ಬಾವು ಏಳದಂತೆ ನೋಡಿಕೊಳ್ಳಲು. ಆರಾಮ ಇರುವುದೇ ಅದರಿಂದ, ಡಾಕ್ಟರನ್ನು ಕೇಳದೆ ಬಿಡಬಾರದು.

ಮರುದಿನ ಯಜಮಾನರು ಮೊಬೈಲ್ ತೋರಿಸಿದರು. ಗಾಳಿಯ ಆ್ಯಪ್. "ನೋಡು, ಮಾಡರೇಟ್ ಅಂತ ಐತಿ. ಅಷ್ಟೇನ ಕೆಟ್ಟಿಲ್ಲ." ಹೊರಗೆ ನೋಡಿದರೆ ಎದುರಿನ ಗುಡ್ಡವೇ ಕಾಣುತ್ತಿರಲಿಲ್ಲ. ಯಾವುದು ಸುಳ್ಳು?

ಎರಡೂ ಸುಳ್ಳಲ್ಲ ಅಂತ ಆಮೇಲೆ ತಿಳಿಯಿತು. ಗಾಳಿ ಎಷ್ಟು ಕೆಟ್ಟಿದೆ ಅಂತ ಹೇಳುವ ಅಂಕಿಗೆ ಎಕ್ಯೂಐ ಅನ್ನುತ್ತಾರೆ. ನಮ್ಮ ದೇಶದಲ್ಲಿ ಅದನ್ನು ಲೆಕ್ಕ ಹಾಕುವುದು 24 ಗಂಟೆಯ ಸರಾಸರಿಯ ಮೇಲೆ. ನಿನ್ನೆ ಮಧ್ಯಾಹ್ನದ ಒಳ್ಳೆ ಗಾಳಿಯೂ ಆ ಅಂಕಿಯೊಳಗೆ ಸೇರಿರುತ್ತದೆ. ಹೊಗೆ ರಾತ್ರಿ ಹನ್ನೆರಡಕ್ಕೆ ಬಂದರೆ ಅಂಕಿ ಏರುವಷ್ಟರಲ್ಲಿ ಬೆಳಗಾಗಿರುತ್ತದೆ. ಜೊತೆಗೆ ಆ್ಯಪ್ ತೋರಿಸುವುದು ನಿಮ್ಮ ಅಂಗಳದ ಗಾಳಿ ಅಲ್ಲ, ಯಂತ್ರ ಇರುವ ಯಾವುದೋ ಊರಿನದ್ದು, ಇಲ್ಲವೇ ಅಂದಾಜು. ಇನ್ನೊಂದು ಗೊಂದಲ ಇದೆ. ಕೆಲವು ಆ್ಯಪ್ ಅಮೆರಿಕದ ಅಳತೆಯಲ್ಲಿ ತೋರಿಸುತ್ತವೆ. ಗಾಳಿಯಲ್ಲಿ ಪಿಎಂ 2.5 ಅನ್ನುವ ಸಣ್ಣ ಕಣ ಒಂದು ಘನ ಮೀಟರಿಗೆ 60 ಮೈಕ್ರೋಗ್ರಾಂ ಇದ್ದರೆ ನಮ್ಮ ಲೆಕ್ಕದಲ್ಲಿ ಎಕ್ಯೂಐ 100, ಅಂದರೆ ಪರವಾಗಿಲ್ಲ ಅನ್ನುವ ಮಟ್ಟ. ಅದೇ ಗಾಳಿ ಅಮೆರಿಕದ ಲೆಕ್ಕದಲ್ಲಿ 150 ದಾಟುತ್ತದೆ, ಆರೋಗ್ಯಕ್ಕೆ ಕೆಟ್ಟದ್ದು ಅನ್ನುವ ಮಟ್ಟ. ಹಾಗಾಗಿ ನಾನು ಬಣ್ಣ ನೋಡುವುದಿಲ್ಲ, ಪಿಎಂ 2.5 ಅಂತ ಬರೆದ ಸಾಲನ್ನೇ ನೋಡುತ್ತೇನೆ. ದಿನದ ಸರಾಸರಿ 60 ದಾಟಬಾರದು ಅಂತ ನಮ್ಮ ದೇಶದ ಮಿತಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ 15. ಅತ್ತೆಯಂಥವರಿಗೆ ನಾನು ನಂಬುವುದು ಎರಡನೆಯದನ್ನು.

ಎಲ್ಲಕ್ಕಿಂತ ಮೊದಲು ಎದುರಿನ ಗುಡ್ಡ ನೋಡುತ್ತೇನೆ. ಗುಡ್ಡದ ಮರಗಳು ಬೇರೆ ಬೇರೆಯಾಗಿ ಕಂಡರೆ ಕಿಟಕಿ ತೆಗೆಯುತ್ತೇನೆ. ಗುಡ್ಡ ಬರೀ ನೀಲಿ ನೆರಳಿನಂತೆ ಕಂಡರೆ ಅತ್ತೆ ಹೊರಗೆ ಬರುವುದಿಲ್ಲ. ಮುಂಜಾನೆಯ ಮಂಜಿಗೂ ಹೊಗೆಗೂ ವ್ಯತ್ಯಾಸ ಮೂಗು ಹೇಳುತ್ತದೆ. ಇಲ್ಲಿ ಮಧ್ಯಾಹ್ನ ಸಮುದ್ರದ ಕಡೆಯಿಂದ ಗಾಳಿ ಬೀಸುತ್ತದೆ, ಆಗ ಸ್ವಲ್ಪ ತಿಳಿಯಾಗುತ್ತದೆ. ರಾತ್ರಿ ಗುಡ್ಡದ ತಣ್ಣನೆ ಗಾಳಿ ಕೆಳಗೆ ಇಳಿಯುವಾಗ ಹೊಗೆಯನ್ನೂ ಎಳೆದುಕೊಂಡು ಬರುತ್ತದೆ, ಬೆಳಗಿನ ಎಂಟು ಒಂಬತ್ತರವರೆಗೂ ಕಣಿವೆಯಲ್ಲೇ ಕೂತಿರುತ್ತದೆ. ನಾವು ತಂಪು ಗಾಳಿ ಅಂತ ಕಿಟಕಿ ತೆಗೆದು ಮಲಗುವ ಹೊತ್ತೂ ಅದೇ, ಅಲ್ವಾ? ಅತ್ತೆಗೆ ಉಸಿರು ಕಟ್ಟಿದ್ದು ತೆರೆದ ಕಿಟಕಿಯ ಪಕ್ಕದಲ್ಲೇ.

ಇನ್ನು ಮಾಸ್ಕಿನ ಮಾತು. ಇದು ನನ್ನ ಕಸುಬು, ಹಾಗಾಗಿ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಆಸ್ಪತ್ರೆಯಿಂದ ಬಂದ ದಿನ ಒಂದು ಔಷಧ ಅಂಗಡಿಯಿಂದ "ಎನ್ 95" ಅಂತ ಅಚ್ಚು ಹಾಕಿದ ಮಾಸ್ಕ್ ನಾಲ್ಕು ತಂದೆ. ಕಿವಿಗೆ ಸಿಕ್ಕಿಸುವಂಥವು. ಹಾಕಿಕೊಂಡು ಅಂಗಡಿಗೆ ಹೋದೆ, ಗಂಟಲು ಉರಿ ಮೊದಲಿನಷ್ಟೇ. ಯಾಕೆ ಅಂತ ತಿಳಿಯಲಿಲ್ಲ. ಯಜಮಾನರ ಕಾರ್ಖಾನೆಯಲ್ಲಿ ಧೂಳಿನ ಕೆಲಸದವರಿಗೆ ಕೊಡುವ ಮಾಸ್ಕ್ ಒಂದಿತ್ತು, ತಲೆಯ ಹಿಂದೆ ಎರಡು ಪಟ್ಟಿ ಇರುವಂಥದ್ದು. ಎರಡನ್ನೂ ಕಟಿಂಗ್ ಟೇಬಲ್ ಮೇಲೆ ಇಟ್ಟು ಕತ್ತರಿಯಿಂದ ನಡುವೆ ಸೀಳಿದೆ. ಪಕ್ಕಕ್ಕೆ ನಾನು ಹೊಲಿದ ಹಳೆ ಬಟ್ಟೆ ಮಾಸ್ಕ್ ಇಟ್ಟೆ.

ಮೊದಲು ಬಟ್ಟೆಯದು. ಎರಡು ಪದರ ಪಾಪ್ಲಿನ್, ಒಳ್ಳೆ ಒತ್ತಾದ ನೇಯ್ಗೆ. ಬಿಸಿಲಿಗೆ ಹಿಡಿದೆ. ಹಾಸು ಹೊಕ್ಕಿನ ಎಳೆಗಳ ನಡುವೆ ಸೂಜಿಮೊನೆಯಂಥ ಬೆಳಕಿನ ಚುಕ್ಕೆ, ಸಾಲು ಸಾಲಾಗಿ. ಬೆಳಕು ಬರುವ ಕಡೆ ಗಾಳಿ ಬರುತ್ತದೆ, ಗಾಳಿಯ ಜೊತೆ ಅದರಲ್ಲಿ ತೇಲುವುದೂ ಬರುತ್ತದೆ. ಪಿಎಂ 2.5 ಅಂದರೆ ನಮ್ಮ ಕೂದಲಿನ ದಪ್ಪದ ಸುಮಾರು ಮೂವತ್ತನೇ ಒಂದು ಭಾಗ, ಇಲ್ಲವೇ ಅದಕ್ಕಿಂತ ಸಣ್ಣ. ಕಾಡಿನ ಹೊಗೆಯ ಕಣಗಳಲ್ಲಿ ಹೆಚ್ಚಿನವು ಒಂದು ಮೈಕ್ರಾನ್‌ಗಿಂತಲೂ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಸಣ್ಣವು. ಆ ಕಣಕ್ಕೆ ನನ್ನ ಪಾಪ್ಲಿನ್ ಅಂದರೆ ಬಾಗಿಲು ತೆರೆದಿಟ್ಟ ಮನೆ. ಒದ್ದೆ ಮಾಡಿ ಕಟ್ಟಿದರೆ ತಡೆಯುತ್ತದೆ ಅನ್ನುವುದೂ ಬರೀ ಮಾತು. ಕೊರೊನಾದಲ್ಲಿ ಬಟ್ಟೆ ಮಾಸ್ಕಿನ ಕೆಲಸ ಬೇರೆ ಇತ್ತು, ನಮ್ಮ ಬಾಯಿಂದ ಹಾರುವ ಹನಿಯನ್ನು ತಡೆಯುವುದು.

ಕಾರ್ಖಾನೆಯ ಮಾಸ್ಕ್ ಸೀಳಿದಾಗ ಪದರ ಪದರವಾಗಿ ಬಿಚ್ಚಿಕೊಂಡಿತು. ಹೊರಗಿನದು ಮದುವೆ ಮನೆಯಲ್ಲಿ ತೆಂಗಿನಕಾಯಿ ಹಾಕಿ ಕೊಡುವ ಚೀಲ ಇರುತ್ತದಲ್ಲ, ಆ ಜಾತಿಯದು. ನಡುವೆ ಒಂದು ತೆಳು ಬಿಳಿ ಪದರ. ಹತ್ತಿಯನ್ನು ಹಿಂಜಿ ಹಿಂಜಿ ಹಾಸಿದ ಹಾಗೆ. ಎಳೆದು ನೋಡಿದೆ, ಹಾಸೂ ಇಲ್ಲ ಹೊಕ್ಕೂ ಇಲ್ಲ. ಬಿಸಿಲಿಗೆ ಹಿಡಿದರೆ ಚುಕ್ಕೆ ಇಲ್ಲ, ಒಂದೇ ಸಮ ಮಂಕು ಬೆಳಕು. ಆ ಪದರವೇ ಮಾಸ್ಕಿನ ಜೀವ. ಅದು ಜರಡಿಯ ಹಾಗೆ ಕಣವನ್ನು ಸೋಸುವುದಿಲ್ಲ. ಅದರ ಎಳೆಗಳಲ್ಲಿ ಸ್ಥಿರ ವಿದ್ಯುತ್ ತುಂಬಿರುತ್ತದೆ. ಒಣ ಹವೆಯಲ್ಲಿ ಪಾಲಿಯೆಸ್ಟರ್ ಸೀರೆ ಕಾಲಿಗೆ ಅಂಟಿಕೊಳ್ಳುತ್ತದಲ್ಲ, ಹಾಗೆ ಹಾದು ಹೋಗುವ ಕಣವನ್ನು ಎಳೆದು ಅಂಟಿಸಿಕೊಳ್ಳುತ್ತದೆ. ಅದಕ್ಕೇ ಇದನ್ನು ಸೋಪಿನಲ್ಲಿ ತೊಳೆಯಬಾರದು, ಸ್ಯಾನಿಟೈಸರ್ ಹೊಡೆಯಬಾರದು. ಆ ಹಿಡಿತವೇ ಹೋಗುತ್ತದೆ.

ಔಷಧ ಅಂಗಡಿಯದನ್ನು ಸೀಳಿದೆ. ಎರಡು ಪದರ ಚೀಲದ ಬಟ್ಟೆ, ನಡುವೆ ಏನೂ ಇಲ್ಲ.

ನಾನು ಅಳುವವಳಲ್ಲ. ಆವತ್ತು ಟೇಬಲ್ ಮುಂದೆ ಕಣ್ಣು ತುಂಬಿತು. ಅದೇ ಮಾಸ್ಕನ್ನು ಅತ್ತೆಗೂ ಮಗನಿಗೂ ಹಾಕಿ, ಇನ್ನು ಭಯ ಇಲ್ಲ ಅಂದುಕೊಂಡಿದ್ದೆ. ಆಮೇಲೆ ಸರಿಯಾದದ್ದು ತರಿಸಿದೆ. ತರುವಾಗ ಐಎಸ್ 9473 ಅನ್ನುವ ನಮ್ಮ ದೇಶದ ಮಾನದಂಡದ ನಂಬರ್, ಎನ್ 95ಕ್ಕೆ ಹತ್ತಿರದ ದರ್ಜೆಯಾದ ಎಫ್‌ಎಫ್‌ಪಿ 2 ಅನ್ನುವ ಗುರುತು ನೋಡಿ. ಪಟ್ಟಿ ಕಿವಿಗಿಂತ ತಲೆಯ ಹಿಂದೆ ಹೋಗುವುದು ಲೇಸು, ಮುಖಕ್ಕೆ ಬಿಗಿ ಕೂರುತ್ತದೆ. ಮೂಗಿನ ಮೇಲಿನ ತಂತಿಯನ್ನು ಎರಡೂ ಕೈಯ ಬೆರಳಿಂದ ಒತ್ತಬೇಕು. ಜೋರಾಗಿ ಉಸಿರು ಬಿಟ್ಟಾಗ ಕಣ್ಣಿನ ಕಡೆ ಗಾಳಿ ಹೊಡೆದರೆ, ಕನ್ನಡಕ ಮಂಜಾದರೆ, ಅದು ಕೂತಿಲ್ಲ ಅಂತ ಅರ್ಥ. ಗಡ್ಡದ ಮೇಲೆ ಕೂರುವುದೇ ಇಲ್ಲ. ಕೊರೊನಾದಲ್ಲಿ ವಾಲ್ವ್ ಇರುವುದು ಬೇಡ ಅಂದಿದ್ದರು, ಯಾಕೆಂದರೆ ನಮ್ಮ ಉಸಿರು ಸೋಸದೆ ಹೊರಗೆ ಹೋಗುತ್ತದೆ ಅಂತ. ಹೊಗೆಗೆ ವಾಲ್ವ್ ಇದ್ದರೂ ನಡೆಯುತ್ತದೆ, ಸೆಕೆಯಲ್ಲಿ ಅದೇ ಹಾಯೆನಿಸುತ್ತದೆ. ಆದರೆ ಯಾವ ಎನ್ 95 ಕೂಡ ಹೊಗೆಯಲ್ಲಿರುವ ಗ್ಯಾಸನ್ನು ತಡೆಯುವುದಿಲ್ಲ. ಮಾಸ್ಕ್ ಹಾಕಿದ್ದೇನೆ ಅಂತ ಬೆಂಕಿಯ ಹತ್ತಿರ ಹೋಗಬೇಡಿ.

ವಿಜಯಪುರದ ಆ ತಂಗಿಗೆ ನಾನು ಈ ಸೀಳಿದ ಮಾಸ್ಕ್‌ಗಳನ್ನೇ ತೋರಿಸಿದೆ. ಆಕೆ ಆ ಬಿಳಿ ಪದರವನ್ನು ಬೆರಳಲ್ಲಿ ಮುಟ್ಟಿ ನೋಡಿದಳು. "ಹಂಗಾರ ಸಣ್ಣ ಹುಡುಗರಿಗೆ?" ಅಂದಳು. ಅದೇ ಕಷ್ಟ. ಅವಳ ಚಿಕ್ಕ ಮಗುವಿಗೆ ಎರಡು ತುಂಬಿರಲಿಲ್ಲ. ಅಷ್ಟು ಸಣ್ಣವರಿಗೆ ಮಾಸ್ಕ್ ಹಾಕಲೇಬಾರದು. ಅದಕ್ಕಿಂತ ದೊಡ್ಡ ಮಕ್ಕಳ ಮುಖಕ್ಕೂ ಇವು ಸರಿಯಾಗಿ ಕೂರುವುದಿಲ್ಲ. ಅತ್ತೆಗೆ ಕೂರುತ್ತದೆ, ಆದರೆ ಮೊದಲೇ ಉಸಿರಿಗೆ ಕಷ್ಟ ಇರುವವರಿಗೆ ಅದರೊಳಗಿಂದ ಉಸಿರು ಎಳೆಯುವುದೇ ಭಾರ. ಹತ್ತು ನಿಮಿಷಕ್ಕೆ ಕಿತ್ತು ಹಾಕಿದರು. ಹೊಗೆಯಿಂದ ಯಾರಿಗೆ ಜಾಸ್ತಿ ತೊಂದರೆಯೋ ಅವರಿಗೇ ಮಾಸ್ಕ್ ಆಗಿಬರುವುದಿಲ್ಲ. ಹೃದಯದ ಕಾಯಿಲೆ ಇದ್ದವರು, ಬಸುರಿಯರು ಕೂಡ ಈ ಸಾಲಿನಲ್ಲೇ ಇದ್ದಾರೆ. ಅವರಿಗೆ ಬೇಕಾಗಿರುವುದು ಒಂದು ಒಳ್ಳೆ ಕೋಣೆ.

ನಮ್ಮದು ಬಾಡಿಗೆ ಮನೆ. ಪಡಸಾಲೆ, ಅಡುಗೆಮನೆ ಎರಡಕ್ಕೂ ಮಂಗಳೂರು ಹೆಂಚು. ಹೆಂಚಿನ ಸಂದಿಯಿಂದ ಬೆಳದಿಂಗಳೇ ಒಳಗೆ ಬೀಳುತ್ತದೆ, ಹೊಗೆ ಬರದೇ ಇರುತ್ತದಾ? ಹಿಂದಿನ ಒಂದು ಸಣ್ಣ ಕೋಣೆಗೆ ಮಾತ್ರ ಸ್ಲ್ಯಾಬ್ ಇದೆ. ಅಲ್ಲಿ ನಾವು ಅಕ್ಕಿ ಚೀಲ, ಹಳೆ ಟ್ರಂಕು ಇಟ್ಟಿದ್ದೆವು. ಎಲ್ಲ ಹೊರಗೆ ಹಾಕಿ ಅತ್ತೆಯ ಮಂಚ ಒಳಗೆ ತಂದೆವು. ಮೇಲಿನ ಜಾಲಂದ್ರಕ್ಕೆ ದಪ್ಪ ಪ್ಲಾಸ್ಟಿಕ್ ಹಚ್ಚಿ ಟೇಪ್ ಅಂಟಿಸಿದೆವು. ಬಾಗಿಲ ಕೆಳಗೆ ಎರಡು ಬೆರಳಿನಷ್ಟು ಸಂದು. ಅದಕ್ಕೆ ನನ್ನ ತವರಿನಿಂದ ಬಂದ ನವಲಗುಂದದ ಜಮಖಾನ ಸುರುಳಿ ಸುತ್ತಿ ಒತ್ತಿ ಇಟ್ಟೆ. ಮದುವೆಗೆ ಅಪ್ಪ ಕೊಟ್ಟದ್ದು ಅದು. ಬಾಗಿಲಿಗೆ ಸರಿಯಾಗಿ ಕೂತಿತು. ಹಗಲು ಮಗನೂ ಅಲ್ಲೇ ಕೂತು ಓದಿದ.

ಸೆಕೆ ಮಾತ್ರ ಹೇಳತೀರದು. ವಯಸ್ಸಾದವರಿಗೆ ಹೊಗೆಯಷ್ಟೇ ಸೆಕೆಯೂ ಅಪಾಯ. ಹಾಗಾಗಿ ಮಧ್ಯಾಹ್ನ ಗುಡ್ಡ ಕಂಡ ಕೂಡಲೇ ಒಂದು ತಾಸು ಎಲ್ಲ ತೆಗೆದು, ಮತ್ತೆ ಮುಚ್ಚುತ್ತಿದ್ದೆವು. ಮಜ್ಜಿಗೆ, ನೀರು ಆಗಾಗ. ಏಸಿ ಇದ್ದವರು ಹಚ್ಚಿಕೊಳ್ಳಬಹುದು, ಸ್ಪ್ಲಿಟ್ ಏಸಿ ಒಳಗಿನ ಗಾಳಿಯನ್ನೇ ತಿರುಗಿಸುತ್ತದೆ. ವಿಂಡೋ ಏಸಿ ಆದರೆ ಹೊರಗಿನ ಗಾಳಿ ಎಳೆಯುವ ಸಣ್ಣ ಕಿಂಡಿ ಇರುತ್ತದೆ, ಅದನ್ನು ಮುಚ್ಚಬೇಕು. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಬಗ್ಗೆ ನನಗೂ ಮೊದಲು ಗೊತ್ತಿರಲಿಲ್ಲ. ಅದು ಒಳಗಿನ ಗಾಳಿ ಹೊರಗೆ ದೂಡಿದಷ್ಟೂ ಸಂದಿಗಳಿಂದ ಹೊರಗಿನ ಹೊಗೆ ಒಳಗೆ ಬರುತ್ತದೆ. ಆ ವಾರ ನಾನು ಒಗ್ಗರಣೆಯನ್ನೇ ಕಡಿಮೆ ಮಾಡಿದೆ. ಮೆಣಸಿನಕಾಯಿ ಹುರಿಯಲಿಲ್ಲ, ರೊಟ್ಟಿ ಸುಡಲಿಲ್ಲ. ಅನ್ನ, ಬೇಳೆ, ಕುದಿಸಿದ ಪಲ್ಯ. ಊದಿನಕಡ್ಡಿ, ಲೋಬಾನ, ಸೊಳ್ಳೆ ಬತ್ತಿ ಮುಟ್ಟಲಿಲ್ಲ. ಮುಚ್ಚಿದ ಕೋಣೆಯಲ್ಲಿ ಊದಿನಕಡ್ಡಿ ಹಚ್ಚಿದರೆ ಕಾಡಿನ ಹೊಗೆಯನ್ನು ನಾವೇ ಕರೆದು ಕೂರಿಸಿದಂತೆ. ಅತ್ತೆಗೆ ಮೊದಲು ಬೇಜಾರಾಯಿತು, ದೇವರಿಗೆ ಒಂದು ಕಡ್ಡಿಯೂ ಇಲ್ಲವಾ ಅಂತ. ಆಮೇಲೆ ಅವರೇ ಒಂದು ದಾಸವಾಳ ಏರಿಸಿ ಕೈ ಮುಗಿದರು. ಕಸಬರಿಗೆಯನ್ನೂ ಬದಿಗಿಟ್ಟೆ. ಗುಡಿಸಿದರೆ ಕೂತ ಬೂದಿ ಮತ್ತೆ ಎದ್ದೇಳುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸುವುದೇ ಸರಿ.

ಗಾಳಿ ಸೋಸುವ ಮಷೀನ್ ಕೊಳ್ಳುವ ಶಕ್ತಿ ಆಗ ನಮಗಿರಲಿಲ್ಲ. ಯಜಮಾನರು ಆ ಮಷೀನಿಗೆ ಹಾಕುವ ಹೆಪಾ ಫಿಲ್ಟರ್ ಮಾತ್ರ ತರಿಸಿದರು, ಚೌಕಾಕಾರದ್ದು, ಒಳಗೆ ನೆರಿಗೆ ನೆರಿಗೆ. ನಾನು ಅದನ್ನು ಟೇಬಲ್ ಫ್ಯಾನಿನ ಹಿಂದೆ ಬಿಗಿಯಾಗಿ ಕೂರುವಂತೆ ದಪ್ಪ ಕ್ಯಾನ್ವಾಸಿನಲ್ಲಿ ಒಂದು ಕವಚ ಹೊಲಿದೆ, ಅಂಚಿಗೆ ಇಲಾಸ್ಟಿಕ್. ಗಾಳಿ ಬದಿಯಿಂದ ನುಸುಳದೆ ಫಿಲ್ಟರ್ ಮೂಲಕವೇ ಹೋಗಬೇಕು, ಅಷ್ಟೇ ಗುಟ್ಟು. ಫ್ಯಾನ್ ಬಿಸಿಯಾಗುತ್ತದೆ, ಹಾಗಾಗಿ ಯಾರಾದರೂ ಎಚ್ಚರ ಇರುವಾಗ ಮಾತ್ರ ಹಚ್ಚುತ್ತಿದ್ದೆವು. ಸಣ್ಣ ಕೋಣೆ ಆದ್ದರಿಂದ ಅನುಕೂಲ ಆಯಿತು. ಎಷ್ಟು ಅಂತ ಅಳೆಯಲು ನನ್ನ ಹತ್ತಿರ ಯಂತ್ರ ಇರಲಿಲ್ಲ. ಹತ್ತು ದಿನದ ಮೇಲೆ ಕವಚ ಬಿಚ್ಚಿದೆ. ಬೆಳ್ಳಗಿದ್ದ ನೆರಿಗೆಗಳು ಬೂದು ಬಣ್ಣಕ್ಕೆ ತಿರುಗಿದ್ದವು. ಇಲಾಸ್ಟಿಕ್ ಒತ್ತಿದ ಅಂಚು ಮಾತ್ರ ಬಿಳಿ ಉಳಿದಿತ್ತು, ಸೀರೆಗೆ ಬಾರ್ಡರ್ ಇದ್ದ ಹಾಗೆ. ಅತ್ತೆ ಅದನ್ನು ಕೈಗೆ ತಗೊಂಡು ಸುಮಾರು ಹೊತ್ತು ನೋಡಿದರು. "ಇದೆಲ್ಲಾ ನನ್ನ ಎದ್ಯಾಗ ಹೋಗತಿತ್ತಲ್ಲ" ಅಂದರು. ಮಷೀನ್ ಕೊಳ್ಳುವವರಿಗೆ ಒಂದೇ ಮಾತು, ಓಝೋನ್ ಅನ್ನುವ ಗ್ಯಾಸ್ ಬಿಡುವಂಥದ್ದು ಬೇಡ. ದಮ್ಮು ಇರುವವರಿಗೆ ಅದೇ ಇನ್ನೊಂದು ಉಪದ್ರವ.

ಬೆಲ್ಲ ತಿಂದರೆ ಎದೆಯ ಹೊಗೆ ಇಳಿಯುತ್ತದೆ ಅಂತ ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಬೆಲ್ಲ ಹೊಟ್ಟೆಗೆ ಹೋಗುತ್ತದೆ, ಶ್ವಾಸಕೋಶಕ್ಕಲ್ಲ. ಗಂಟಲಿಗೆ ಹಿತ ಅಂತ ತಿನ್ನಿ, ಪಂಪಿನ ಬದಲಿಗೆ ಬೇಡ.

ಅದೇ ವರ್ಷ ಜೂನಿನಲ್ಲಿ ಟಿವಿಯಲ್ಲಿ ನ್ಯೂಯಾರ್ಕ್ ತೋರಿಸಿದರು. ಕೆನಡಾದ ಕಾಡಿನ ಬೆಂಕಿ, ನೂರಾರು ಕಿಲೋಮೀಟರ್ ದೂರ. ಊರಿಗೆ ಊರೇ ಕಿತ್ತಳೆ ಬಣ್ಣ. ಅತ್ತೆ ಟಿವಿ ಮುಂದೆ ಕೂತು "ಅಲ್ಲಿ ದಮ್ಮಿನವ್ರು ಏನ ಮಾಡ್ತಾರೋ" ಅಂತ ಒಂದೇ ಸಮ ಕೇಳಿದರು. ದೂರದ ಬೆಂಕಿ ಅನ್ನುವ ಮಾತು ನಮ್ಮ ಮನೆಯಲ್ಲಿ ಈಗ ಯಾರೂ ಆಡುವುದಿಲ್ಲ.

ಹತ್ತಿರದ್ದೂ ಇದೆ. ನಮ್ಮ ಓಣಿಯಲ್ಲಿ ದಿನಾ ಬೆಳಿಗ್ಗೆ ಯಾರಾದರೂ ತರಗೆಲೆ ಗುಡ್ಡೆ ಹಾಕಿ ಕಡ್ಡಿ ಗೀರುತ್ತಿದ್ದರು, ಅದರ ಜೊತೆಗೆ ಪ್ಲಾಸ್ಟಿಕ್ ಕವರ್ ಕೂಡ. ಬಯಲಲ್ಲಿ ಕಸ ಸುಡಬಾರದು, ಸುಟ್ಟರೆ 5,000 ರೂಪಾಯಿ ದಂಡ ಅಂತ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ. ನಾನು ದಂಡದ ಮಾತು ಎತ್ತಲಿಲ್ಲ. ಪಕ್ಕದ ಮನೆಯಾಕೆಯ ಹತ್ತಿರ ಹೋಗಿ, ಆ ಬೂದು ಫಿಲ್ಟರ್ ತೋರಿಸಿ, ಅತ್ತೆಯ ರಾತ್ರಿಯ ಕತೆ ಹೇಳಿದೆ. ಕಾರ್ ಕೊಟ್ಟಿದ್ದು ಅವರ ಮಗನೇ. ಆ ರಾತ್ರಿ ಅತ್ತೆಯ ಉಸಿರಿನ ಸದ್ದು ಆಕೆಯೂ ಕೇಳಿದ್ದರು. ಮಾತಾಡದೆ ಕೇಳಿಸಿಕೊಂಡರು. ಈಗ ಅವರ ತರಗೆಲೆಯೆಲ್ಲ ತೆಂಗಿನ ಬುಡಕ್ಕೆ ಹೋಗುತ್ತದೆ. ಮೇಲೆ ಎರಡು ಬುಟ್ಟಿ ಮಣ್ಣು, ದಿನಕ್ಕೆ ಪಾತ್ರೆ ತೊಳೆದ ನೀರು. ಓಣಿಯಲ್ಲಿ ಎಲ್ಲರೂ ನಿಲ್ಲಿಸಿಲ್ಲ. ಮೂರು ಮನೆಯವರು ನಿಲ್ಲಿಸಿದ್ದಾರೆ. ನಾಲ್ಕನೆಯವರ ಜೊತೆ ಮಾತು ನಡೆಯುತ್ತಿದೆ. ಅವರಿಗೆ ಗೇರು ತೋಟವೂ ಇದೆ. ಎಲೆ ಸುಡುವ ಬದಲು ಬಳಿದು ಸಾಲು ಮಾಡಿ ಬಿಟ್ಟರೆ ಹಣ್ಣು ಆರಿಸಲು ಅಷ್ಟೇ ಸುಲಭ ಅಲ್ವಾ ಅಂತ ಕೇಳಿದ್ದೇನೆ. ಆಳಿನ ಕೂಲಿ ಯಾರು ಕೊಡುತ್ತಾರೆ ಅನ್ನುತ್ತಾರೆ. ಅವರ ಮಾತೂ ನ್ಯಾಯವೇ. ಆ ಕೂಲಿಗೆ ಸರಕಾರ ಒಂದು ದಾರಿ ಮಾಡಿದರೆ ಎಷ್ಟೋ ಬೆಂಕಿ ಬೀಳುವುದೇ ಇಲ್ಲ ಅಂತ ನನಗೆ ಅನಿಸುತ್ತದೆ.

ಮೊನ್ನೆ ಭಾನುವಾರ ಸ್ಲ್ಯಾಬ್ ಕೋಣೆ ಖಾಲಿ ಮಾಡಿದೆವು. ಜಾಲಂದ್ರಕ್ಕೆ ಹೊಸ ಪ್ಲಾಸ್ಟಿಕ್ ಅಳತೆ ಮಾಡಿ ಕತ್ತರಿಸಿ ಇಟ್ಟಿದ್ದೇನೆ, ಹಚ್ಚಿಲ್ಲ. ಜಮಖಾನ ಒಗೆದು ಒಣಗಿಸಿದ್ದೇನೆ. ಅತ್ತೆ ದಿನದ ಪಂಪ್ ಬಿಟ್ಟಿಲ್ಲ. ನೀಲಿ ಪಂಪ್ ಈಗ ಕೌಂಟರ್ ಇರುವುದನ್ನೇ ತರುತ್ತೇವೆ. ಪ್ರತಿ ಭಾನುವಾರ ಅದರ ಅಂಕಿ ಓದಿ ಕ್ಯಾಲೆಂಡರಿನಲ್ಲಿ ಬರೆಯುವುದು ಮಗನ ಕೆಲಸ. ಈ ವಾರದ ಮನೆಯಲ್ಲಿ 164 ಅಂತ ಬರೆದಿದ್ದಾನೆ, ಪಕ್ಕಕ್ಕೆ ಗುಡ್ಡ ಕಾಣುತ್ತಿದೆ ಅಂತಲೂ.